ಹೊಕ್ಕುಳ ಕಾವಲು

ಹಿತ್ತಿಲ ಬಾಗಿಲ ಹೊಸ್ತಿಲಿನಾಚೆ ಕುಕ್ಕರಗಾಲಿನಲ್ಲಿ ಕೂತು ಅಂಜಮ್ಮ ಬೂದಿಯ ಮೇಲೆ ಮೂಡಿದ್ದ ಹೆಜ್ಜೆಗಳನ್ನು ನೋಡುತ್ತಿದ್ದಳು. ಬೆಳಿಗ್ಗೆ ಒಲೆಯ ಬೂದಿಯನ್ನು ಜರಡಿ ಹಿಡಿದು ಅಲ್ಲಿ ತೆಳ್ಳಗೆ ಹರಡಿದವಳು ಅವಳೇ. ಸೊಸೈಟಿಗೆ ಹೋಗಿ ಅಕ್ಕಿ ತರುವಷ್ಟರಲ್ಲಿ ಯಾರೋ ತುಳಿದಿದ್ದರು. ಬರಿಗಾಲು, ಹೆಂಗಸಿನದು. ಒಂದು ಹೆಜ್ಜೆ ಒಳಮುಖವಾಗಿತ್ತು, ಇನ್ನೊಂದು ಹೊರಮುಖವಾಗಿತ್ತು. ಬಂದು ಹೋಗಿದ್ದಾಳೆ, ಇನ್ನೇನು ಬೇಕು ಸಾಕ್ಷಿಗೆ ಎಂದುಕೊಂಡು ಅವಳು ಸೊಂಟ ಹಿಡಿದು ಎದ್ದಳು.

"ಪವಿತ್ರಾ, ಯಾರೇ ಬಂದಿದ್ದು?"

"ಯಾರೂ ಬಂದಿಲ್ಲ ಅಜ್ಜಿ," ಬಾಣಂತಿಯ ಕತ್ತಲೆ ಕೋಣೆಯೊಳಗಿಂದ ಪವಿತ್ರ ಹೇಳಿದಳು.

"ಯಾರೂ ಬರದೆ ಬೂದಿ ಮ್ಯಾಲೆ ಹೆಜ್ಜೆ ಹೆಂಗೆ ಮೂಡ್ತು?"

"ಕೋಳಿ ಇರ್ಬೇಕು."

"ಐದು ಬೆರಳಿನ ಕೋಳಿ ಈ ಊರಾಗೆ ಯಾರ ಮನ್ಯಾಗೈತೆ, ತೋರ್ಸು ನನಗೆ."

ಅಂಜಮ್ಮ ಹಿತ್ತಿಲ ಗೋಡೆಯ ಕಡೆ ತಿರುಗಿ ಕ್ಯಾಕರಿಸಿ ಉಗಿದಳು. ಆ ಗೋಡೆಯಾಚೆ ಅವಳ ವಾರಗಿತ್ತಿ ಹುಲಿಗೆಮ್ಮ ಇದ್ದಳು. ಒಂದೇ ಮನೆಯನ್ನು ಅಣ್ಣತಮ್ಮಂದಿರು ನಡುವೆ ಗೋಡೆ ಎತ್ತಿ ಎರಡು ಮಾಡಿಕೊಂಡಿದ್ದರು. ಈಗ ಇಬ್ಬರು ಅಣ್ಣತಮ್ಮಂದಿರೂ ಇಲ್ಲ. ಗೋಡೆ ಮಾತ್ರ ಗಟ್ಟಿಯಾಗಿತ್ತು, ಅಂಜಮ್ಮನ ಅನುಮಾನವೂ ಅಷ್ಟೇ ಗಟ್ಟಿಯಾಗಿತ್ತು.

ಪವಿತ್ರಳಿಗೆ ಅಂಜಮ್ಮ ಅತ್ತೆಯೂ ಹೌದು, ಹೆತ್ತಮ್ಮನ ತಾಯಿಯೂ ಹೌದು. ತಾಯಿ ಸತ್ತ ಮೇಲೆ ಮೊಮ್ಮಗಳನ್ನು ಈ ಮನೆಗೇ ತಂದು ಸಾಕಿ, ಕಣ್ಣ ಮುಂದೆಯೇ ಇರಲಿ ಎಂದು ತನ್ನ ಮಗ ಶರಣುವಿಗೆ ಕೊಟ್ಟು ಮದುವೆ ಮಾಡಿದ್ದಳು. ಜಗಳೂರು ಸೀಮೆಯ ಕುರಿ ಸಾಕುವ ಮನೆಗಳಲ್ಲಿ ಅದೇನೂ ಹೊಸದಲ್ಲ. ಅಂಜಮ್ಮನನ್ನೂ ಸೋದರತ್ತೆಯ ಮಗನಿಗೇ ಕೊಟ್ಟಿದ್ದರು. ಹುಡುಗಿ ಮನೆಯಲ್ಲೇ ಉಳಿಯುತ್ತಾಳೆ, ಗುಣ ಗೊತ್ತಿರುತ್ತದೆ, ಹೊರಗಿನವರ ಕಾಟವಿರುವುದಿಲ್ಲ. ಹೊರಗಿನವರೆಂದರೆ ಅಂಜಮ್ಮನಿಗೆ ಮೊದಲಿನಿಂದಲೂ ಆಗದು.

ಈಗಿನ ಕಾವಲೆಲ್ಲ ಪವಿತ್ರಳ ಕೂಸಿನ ಹೊಕ್ಕುಳ ಬಳ್ಳಿಗಾಗಿ. ಉದುರಿಬಿದ್ದ ಬಳ್ಳಿಯನ್ನು ಕದ್ದು, ಬಾಳೆಹಣ್ಣಿನಲ್ಲಿಟ್ಟು ನುಂಗಿದರೆ ಬಂಜೆಗೆ ಬಸಿರು ನಿಲ್ಲುತ್ತದೆ, ಆದರೆ ಆ ಕೂಸು ಉಳಿಯುವುದಿಲ್ಲ ಎಂದು ಊರಿನ ಹಳೆಯ ಹೆಂಗಸರು ನಂಬಿದ್ದರು. ಹಾಗಾಗಿ ಬಳ್ಳಿ ಬಿದ್ದ ಕೂಡಲೇ ಎತ್ತಿಟ್ಟು ತಾಯತಕ್ಕೆ ತುಂಬಿಸುವುದು ಮನೆಯ ಹಿರಿಯಳ ಹೊಣೆ. ಹುಲಿಗೆಮ್ಮನಿಗೆ ಮಕ್ಕಳಿರಲಿಲ್ಲ. ಅವಳಿಗೆ ಎಪ್ಪತ್ತು ದಾಟಿದೆ, ಇನ್ನು ಬಳ್ಳಿ ನುಂಗಿ ಅವಳೇನು ಮಾಡಬೇಕು ಎಂದು ಶರಣು ಒಮ್ಮೆ ನಕ್ಕಿದ್ದ. ಅಂಜಮ್ಮ ಅವನಿಗೆ ಆ ರಾತ್ರಿ ಸಾರು ಬಡಿಸಿರಲಿಲ್ಲ.

ಆದರೆ ಆ ಬಳ್ಳಿಯೇ ಬೀಳುತ್ತಿರಲಿಲ್ಲ. ವಾರಕ್ಕೋ ಹತ್ತು ದಿನಕ್ಕೋ ಒಣಗಿ ಉದುರಬೇಕಾದದ್ದು, ತಿಂಗಳಾಗುತ್ತ ಬಂದರೂ ಹಾಗೆಯೇ ಅಂಟಿಕೊಂಡಿತ್ತು. ತೊಟ್ಟಿಲಿಗೆ ಹಾಕುವ ದಿನವನ್ನು ಮುಂದೂಡಿ ಮುಂದೂಡಿ ನೆಂಟರಿಗೆ ಹೇಳಲು ನೆಪಗಳೇ ಉಳಿಯಲಿಲ್ಲ. ತನ್ನ ಕಣ್ಣು ತಪ್ಪಿದಾಗ ಬಿದ್ದು ಕಳ್ಳರ ಪಾಲಾಗದಿರಲಿ ಎಂದು ಅಂಜಮ್ಮ ಬಳ್ಳಿಯ ತುದಿಗೆ ಕರಿದಾರ ಸುತ್ತಿ ಕೂಸಿನ ಉಡಿದಾರಕ್ಕೆ ಬಿಗಿಯಾಗಿ ಗಂಟು ಹಾಕಿದ್ದಳು. ಈ ಉಪಾಯ ಹೊಳೆದದ್ದಕ್ಕೆ ಅವಳಿಗೆ ತನ್ನ ಬಗ್ಗೆಯೇ ಹೆಮ್ಮೆಯೆನಿಸಿತ್ತು.

ಅವಳು ಕೋಣೆಗೆ ಹೋಗಿ ಕೂಸಿನ ಅರಿವೆ ಸರಿಸಿದಳು. ದಾರ ಇತ್ತು, ಗಂಟೂ ಇತ್ತು. ಆದರೆ ಹೊಕ್ಕುಳ ಸುತ್ತ ನಿನ್ನೆ ಇದ್ದ ಕೆಂಪು ಇವತ್ತು ಅಂಗೈಯಷ್ಟಾಗಿತ್ತು. ಮೈ ಸುಡುತ್ತಿತ್ತು.

"ಮೊಲೆ ಹಿಡೀತಿಲ್ಲ ಅಜ್ಜಿ, ಬೆಳಿಗ್ಗಿಂದ," ಎಂದಳು ಪವಿತ್ರ. ಅವಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. "ಆಸ್ಪತ್ರೆಗೆ ಹೋಗಾನ."

"ಕೀವು ಬಂದೈತಾ ನೋಡು. ಒಂದು ಹನಿ ಇಲ್ಲ. ಕೀವಿಲ್ದ ಗಾಯಕ್ಕೆ ಯಾಕೆ ಹೆದರ್ತೀಯ? ಇದು ದೃಷ್ಟಿ. ಬಂದು ಹೋದೋಳು ಮಾಡಿರೋ ಕೆಲ್ಸ."

"ಕೀವಿಲ್ಲ ಅಂತಾನೇ ಹೋಗ್ಬೇಕು."

ಅಂಜಮ್ಮ ತಲೆಯೆತ್ತಿ ಮೊಮ್ಮಗಳನ್ನು ನೋಡಿದಳು. "ಇದನ್ನ ನಿನ್ನ ತಲೆಗೆ ತುಂಬಿದೋರು ಯಾರು?"

ಪವಿತ್ರ ಎದ್ದಳು. ಕೂಸನ್ನು ಎತ್ತಿ ಕಂಬಳಿಯಲ್ಲಿ ಸುತ್ತಿದಳು. ಮಗ್ಗುಲ ಹಟ್ಟಿಯಲ್ಲಿ ಕುರಿಗಳಿಗೆ ಸೊಪ್ಪು ಕಟ್ಟುತ್ತಿದ್ದ ಶರಣು ಅವಳ ಮುಖ ನೋಡಿದವನೇ ಕೈ ಒರೆಸಿಕೊಂಡು ಅಂಗಿ ತೊಟ್ಟ. ತನ್ನನ್ನು ಕೇಳದೆ ಇಬ್ಬರೂ ಹೊರಟರಲ್ಲ ಎಂದು ಅಂಜಮ್ಮನಿಗೆ ಸಿಟ್ಟು ಬಂತು. ಆದರೂ ಬಳ್ಳಿಯನ್ನು ಬಿಟ್ಟು ಮನೆಯಲ್ಲಿ ಕೂರುವಂತಿರಲಿಲ್ಲ. ಕೈಚೀಲ ಹಿಡಿದು ಅವಳೂ ಹಿಂದೆಯೇ ಓಡಿದಳು.

ಜಗಳೂರಿನ ಆಸ್ಪತ್ರೆಯಲ್ಲಿ ನೋಡಿ ತಕ್ಷಣ ಜಿಲ್ಲಾ ಕೇಂದ್ರಕ್ಕೆ ಕರೆದೊಯ್ಯಿರಿ ಎಂದರು. ಆ್ಯಂಬುಲೆನ್ಸಿನಲ್ಲಿ ಕೂತು ಅಂಜಮ್ಮ ಡ್ರೈವರನನ್ನು ಅನುಮಾನಿಸಿದಳು, ಅವನು ಯಾರ ಜೊತೆಗೋ ಫೋನಿನಲ್ಲಿ ತುಂಬ ಮಾತಾಡುತ್ತಿದ್ದ. ದೊಡ್ಡಾಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ನರ್ಸೊಬ್ಬಳು ಕತ್ತರಿ ತಂದು ಕರಿದಾರವನ್ನು ಕಚಕ್ಕನೆ ಕತ್ತರಿಸಿದಾಗ ಅಂಜಮ್ಮ ತಡೆಯಲು ಕೈ ಚಾಚಿದಳು. ದಾರದ ಜೊತೆಗೆ ಬಳ್ಳಿಯ ಒಣಗಿದ ತುದಿಯೂ ಒಂದಿಷ್ಟು ಮುರಿದು ಸ್ಟೀಲಿನ ತಟ್ಟೆಗೆ ಬಿತ್ತು. ಬುಡ ಮಾತ್ರ ಹೊಕ್ಕುಳಿಗೆ ಅಂಟಿಕೊಂಡೇ ಇತ್ತು.

"ಯಾರಮ್ಮ ಇದನ್ನ ಕಟ್ಟಿದ್ದು?" ನರ್ಸು ಕೇಳಿದಳು.

ನರ್ಸು ಆಚೆ ತಿರುಗಿದ್ದೇ ತಡ, ಅಂಜಮ್ಮ ತಟ್ಟೆಗೆ ಕೈ ಹಾಕಿ ಕಾಳುಮೆಣಸಿನಷ್ಟಿದ್ದ ಆ ತುಣುಕನ್ನು ಎತ್ತಿ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಳು. ಅವಳ ಜೀವಕ್ಕೆ ಒಂದಿಷ್ಟು ಸಮಾಧಾನವಾಯಿತು.

ಕೂಸಿಗೆ ಸಲೈನ್ ಹಾಕಿದರು, ಔಷಧಿ ಶುರು ಮಾಡಿದರು, ಅದರ ಎಳೆಯ ಕೈಯಿಂದ ರಕ್ತ ತೆಗೆದರು. ಸಂಜೆ ಮತ್ತೊಮ್ಮೆ ತೆಗೆದರು. ಒಂದು ಮುಷ್ಟಿ ಜೀವದಿಂದ ಇಷ್ಟೊಂದು ರಕ್ತ ತೆಗೆದು ಇವರು ಎಲ್ಲಿಗೆ ಸಾಗಿಸುತ್ತಾರೋ ಎಂದು ಅಂಜಮ್ಮ ಸೀಸೆ ಹಿಡಿದವನ ಹಿಂದೆ ಮೆಟ್ಟಿಲವರೆಗೂ ಹೋಗಿ ಬಂದಳು. ಮಕ್ಕಳ ಡಾಕ್ಟರು ಇಲ್ಮಾ ಎಂಬ ಹುಡುಗಿ. ಹುಡುಗಿಯೆಂದರೆ ಅಂಜಮ್ಮನ ಕಣ್ಣಿಗೆ, ಮೂವತ್ತು ದಾಟಿದ್ದಳು. "ನಾನೂ ಇಲ್ಲೇ ಚನ್ನಗಿರಿಯೋಳು, ಅಜ್ಜಿ," ಎಂದು ಅವಳು ಸಲಿಗೆಯಿಂದ ಹೇಳಿದ್ದೂ ಅಂಜಮ್ಮನಿಗೆ ಹಿಡಿಸಲಿಲ್ಲ. ಕೇಳದೆ ಊರು ಹೇಳಿಕೊಳ್ಳುವವರನ್ನು ಅವಳು ನಂಬುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಡಾಕ್ಟರು ಮೂವರನ್ನೂ ತನ್ನ ಕೋಣೆಗೆ ಕರೆದಳು. "ನಿಮ್ಮದು ಸಂಬಂಧದಲ್ಲಿ ಆದ ಮದುವೇನಾ?"

"ಇಲ್ಲ ಡಾಕ್ಟ್ರೇ, ಹೊರಗಿನ ಸಂಬಂಧ," ಎಂದ ಶರಣು. ಪವಿತ್ರ ಬಸುರಿಯಾಗಿದ್ದಾಗ ಇದೇ ಪ್ರಶ್ನೆಗೆ ನಿಜ ಹೇಳಿ ಎಲ್ಲರೆದುರು ಬೈಸಿಕೊಂಡದ್ದು ಅವನಿಗೆ ನೆನಪಿತ್ತು.

ಅಷ್ಟರಲ್ಲಿ ಪವಿತ್ರ ಅವನ ಕಡೆ ಬಾಗಿ ಮೆಲ್ಲಗೆ, "ಮಾವ, ತಾಯಿ ಕಾರ್ಡು ಅಜ್ಜಿ ಚೀಲದಾಗೈತೆ, ಇಸ್ಕೊ," ಎಂದಳು.

ಬಸುರಿನ ವಿವರ ಬರೆದ ಆ ಕಾರ್ಡನ್ನು ಶರಣು ಚಾಚಿದರೂ ಇಲ್ಮಾ ತೆಗೆದುಕೊಳ್ಳಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಗಂಡನ್ನ ಮಾವ ಅಂತೀಯ, ಅತ್ತೇನ ಅಜ್ಜಿ ಅಂತೀಯ. ನಾನು ಬೈಯೋಕೆ ಕೇಳ್ತಿಲ್ಲಮ್ಮ. ಕೂಸಿಗೆ ಏನಾಗಿದೆ ಅಂತ ತಿಳೀಬೇಕಾದ್ರೆ ನೀವು ನಿಜ ಹೇಳ್ಬೇಕು."

"ನನ್ನ ಅಕ್ಕನ ಮಗಳು," ಎಂದ ಶರಣು ತಲೆತಗ್ಗಿಸಿ.

ಇಲ್ಮಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಗಾಯವಾದ ಕಡೆ ರೋಗದ ಹುಳುಗಳನ್ನು ಕೊಲ್ಲುವ ಬಿಳಿ ಕಣಗಳು ನಮ್ಮ ರಕ್ತದಲ್ಲಿರುತ್ತವೆ ಎಂದಳು. ಈ ಕೂಸಿನ ರಕ್ತದಲ್ಲಿ ಅವು ಕಡಿಮೆಯಿಲ್ಲ, ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿವೆ. ಆದರೂ ಗಾಯದ ಹತ್ತಿರ ಒಂದೂ ಕಾಣುತ್ತಿಲ್ಲ.

"ಬಸ್ಸಿನ ತುಂಬ ಜನ ಇದ್ದಾರೆ ಅಂದ್ಕೊಳ್ಳಿ. ಊರು ಬಂತು, ಇಳೀಬೇಕು. ಇಳಿಯೋಕೆ ಬಾಗಿಲ ಕಂಬಿ ಹಿಡೀಬೇಕಲ್ವಾ? ರಕ್ತನಾಳದ ಒಳಗೋಡೆ ಮೇಲೆ ಅಂಥಾ ಕಂಬಿಗಳಿರ್ತವೆ. ಅಂಟಿಸೋ ಪ್ರೋಟೀನ್ ಅಂತೀವಿ. ಗಾಯ ಆದ ಜಾಗದಲ್ಲಿ ಆ ಕಂಬಿಗಳು ಜಾಸ್ತಿ ಎದ್ದು ನಿಲ್ತವೆ, ಬಿಳಿ ಕಣ ತನ್ನ ಕೈಯಿಂದ ಅದನ್ನ ಹಿಡ್ಕೊಂಡು ನಿಂತು, ಗೋಡೆ ದಾಟಿ ಹೊರಗೆ ಇಳೀತದೆ. ಇವನ ಕಣಗಳಿಗೆ ಆ ಕೈಯೇ ಇಲ್ಲ ಅಂತ ನನಗೆ ಅನುಮಾನ. ಬಸ್ಸು ತುಂಬಿ ತುಳುಕ್ತಿದೆ, ಊರಲ್ಲಿ ಒಬ್ಬರೂ ಇಳೀತಿಲ್ಲ."

"ಕೀವು ಆಗಿಲ್ವಲ್ಲ," ಎಂದಳು ಅಂಜಮ್ಮ. ಬಾಯಿ ಬಿಡಬಾರದೆಂದು ಕೂತವಳು ತಡೆಯಲಾರದೆ ಕೇಳಿದ್ದಳು.

"ಇಳಿದು ಬಂದು ಸತ್ತ ಕಣಗಳೇ ಅಜ್ಜಿ ಕೀವು ಅಂದ್ರೆ. ಇಳಿದೇ ಇಲ್ಲ ಅಂದ್ಮೇಲೆ ಕೀವೆಲ್ಲಿಂದ ಬರುತ್ತೆ? ಹೊಕ್ಕುಳ ಬಳ್ಳೀನ ಕಡಿದು ಬೀಳಿಸೋಕೂ ಅವೇ ಬರ್ಬೇಕು. ಅದಕ್ಕೇ ಬಿದ್ದಿಲ್ಲ. ಯಾರ ಕಣ್ಣೂ ಅಲ್ಲ, ಯಾರ ಮಾಟವೂ ಅಲ್ಲ. ತಂದೆ ತಾಯಿ ಇಬ್ಬರ ಕಡೆಯಿಂದ ಇಳಿದು ಬರೋ ದೋಷ ಇದು." ಅವಳು ಒಂದು ಗಳಿಗೆ ತಡೆದಳು. "ಈಗ ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ನಿಮ್ಮ ಮನೇಲಿ ಹಿಂದೆ ಯಾವುದಾದ್ರೂ ಕೂಸು ಹೊಕ್ಕುಳು ಬೀಳದೆ, ಕೀವಾಗದೆ ಕೆಂಪಾಗಿ, ಜ್ವರ ಬಂದು ತೀರ್ಕೊಂಡಿದೆಯಾ?"

"ಇಲ್ಲ," ಎಂದ ಶರಣು. ಈ ಸಲ ಅವನು ಸುಳ್ಳು ಹೇಳಿರಲಿಲ್ಲ, ಅವನಿಗೆ ಗೊತ್ತಿರಲಿಲ್ಲ.

"ಯೋಚನೆ ಮಾಡಿ. ಇದೆ ಅಂದ್ರೆ ಇವತ್ತೇ ರಕ್ತಾನ ಬೆಂಗಳೂರಿಗೆ ಆ ಕೈ ಇದೆಯಾ ಅನ್ನೋ ಪರೀಕ್ಷೆಗೆ ಕಳಿಸ್ತೀನಿ, ಅಲ್ಲಿನ ಡಾಕ್ಟ್ರಿಗೆ ಈಗ್ಲೇ ಫೋನ್ ಮಾಡ್ತೀನಿ. ಇಲ್ಲ ಅಂದ್ರೆ ಇಷ್ಟೊಂದು ಬಿಳಿ ಕಣ ನೋಡಿ ಮೊದಲು ರಕ್ತದ ಕ್ಯಾನ್ಸರ್ ಅಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಅದಕ್ಕೆ ದಿನ ಹೋಗುತ್ತೆ. ಈ ಕೂಸು ಅಷ್ಟು ದಿನ ಕಾಯುತ್ತೆ ಅನ್ನೋ ಧೈರ್ಯ ನನಗಿಲ್ಲ."

ಅಂಜಮ್ಮ ಸೆರಗಿನ ಗಂಟನ್ನು ಬೆರಳಿನಿಂದ ಹಿಸುಕುತ್ತ ಕೂತಿದ್ದಳು. ಶರಣು ಹುಟ್ಟುವುದಕ್ಕೂ ಮೊದಲು, ಅವನಕ್ಕ ಹುಟ್ಟುವುದಕ್ಕೂ ಮೊದಲು, ಅವಳಿಗೊಂದು ಗಂಡು ಕೂಸಾಗಿತ್ತು. ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಅದಕ್ಕೆ ಹೆಸರೂ ಇರಲಿಲ್ಲ. ಬಳ್ಳಿ ಬಿದ್ದಿರಲಿಲ್ಲ. ಮಕ್ಕಳಿಲ್ಲದ ಹುಲಿಗೆಮ್ಮ ಕಣ್ಣು ಹಾಕಿ ಬಳ್ಳಿಯನ್ನು ಕಟ್ಟಿಹಾಕಿದಳೆಂದು ಅಂಜಮ್ಮ ಊರ ನಡುವೆ ನಿಂತು ಕೂಗಾಡಿದ್ದಳು. ಗೋಡೆ ಎದ್ದದ್ದು ಅದಾದ ಮೇಲೆ. ಆ ಕೂಸಿನ ಮಾತನ್ನು ಅವಳು ಮತ್ತೆಂದೂ ಮನೆಯಲ್ಲಿ ಎತ್ತಿರಲಿಲ್ಲ, ಎತ್ತಲು ಯಾರಿಗೂ ಬಿಟ್ಟಿರಲಿಲ್ಲ.

ಈಗ ಹೌದೆಂದರೆ ಈ ಹುಡುಗಿ ಏನು ಹೇಳುತ್ತಾಳೆಂದು ಅವಳಿಗೆ ಗೊತ್ತಿತ್ತು. ನಿಮ್ಮ ರಕ್ತದಲ್ಲೇ ಇತ್ತು ಎನ್ನುತ್ತಾಳೆ. ಹಾಗಾದರೆ ಇಷ್ಟು ವರ್ಷ ಗೋಡೆಯಾಚೆ ಉಗಿದದ್ದು ಯಾರ ಮೇಲೆ? ಈ ಮಕ್ಕಳಿಬ್ಬರನ್ನು ಹಿಡಿದು ಕೂರಿಸಿ ತಾಳಿ ಕಟ್ಟಿಸಿದ್ದು ಯಾರು? ಅಂಜಮ್ಮನಿಗೆ ಭಯವಾಯಿತು. ಹುಲಿಗೆಮ್ಮನ ಮೇಲಿನ ಸಿಟ್ಟನ್ನು ಬಿಟ್ಟುಕೊಡುವುದು ಆ ಕೂಸನ್ನು ಇನ್ನೊಮ್ಮೆ ಮಣ್ಣು ಮಾಡಿದಷ್ಟೇ ಕಷ್ಟವಾಗಿ ಕಂಡಿತು. ಇಲ್ಲ ಎಂದುಬಿಡಲು ಅವಳು ಬಾಯಿ ತೆರೆದಳು. ಎದುರಿಗೆ ಪವಿತ್ರ ಕುಡಿಯುವವರಿಲ್ಲದ ಹಾಲನ್ನು ಸೆರಗಿನಿಂದ ಒತ್ತಿಕೊಳ್ಳುತ್ತ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಆ ಮುಖ ಅವಳ ಸತ್ತ ತಾಯಿಯದೇ ಮುಖ.

"ನಂದೊಂದು ಹೋಗಿತ್ತು," ಎಂದಳು ಅಂಜಮ್ಮ. "ಮೊದಲ್ನೇದು."

ಶರಣು ಅವಳ ಕಡೆ ತಿರುಗಿದ. "ಯಾವಾಗವ್ವ?"

ಅವಳು ಮಗನಿಗೆ ಉತ್ತರ ಕೊಡದೆ ಡಾಕ್ಟರನ್ನೇ ನೋಡುತ್ತಿದ್ದಳು.

"ಹೊಕ್ಕುಳು ಬಿದ್ದಿತ್ತಾ ಅಜ್ಜಿ? ಕೀವಿತ್ತಾ? ಬಾಯಲ್ಲಿ ಹುಣ್ಣು, ಬೇರೆ ಕಡೆ ಗಾಯ, ಏನಾದ್ರೂ?"

"ಬಳ್ಳಿ ಬಿದ್ದಿರ್ಲಿಲ್ಲ. ಮಿಕ್ಕಿದ್ದು ನನಗೆ ಗೊತ್ತಿಲ್ಲ ಕಣಮ್ಮ. ಬಾಣಂತಿ ಜ್ವರ ಬಂದು ನಾನು ಮೈಮ್ಯಾಲೆ ಎಚ್ಚರಿಲ್ದೆ ಬಿದ್ದಿದ್ದೆ."

"ಮತ್ತೆ ಕೂಸನ್ನ ನೋಡ್ಕೊಂಡೋರು?"

ಅಂಜಮ್ಮ ಸೆರಗಿನ ಗಂಟಿನಿಂದ ಕೈ ತೆಗೆದಳು. "ಅವಳೇ," ಎಂದಳು. "ಹುಲಿಗೆವ್ವ. ಕುರಿ ಹಾಲು ಹಾಕಿ ಅವಳೇ ಸಾಕಿದ್ದು."

"ಇದ್ದಾರಾ ಅವರು? ಮಾತಾಡಬಹುದಾ?"

ದೊಡ್ಡವ್ವನ ನಂಬರು ತನ್ನಲ್ಲಿಲ್ಲ ಎಂದ ಶರಣು. ಆಗ ಪವಿತ್ರ ಕಣ್ಣು ಬಿಟ್ಟು, ತನ್ನ ಫೋನು ತೆಗೆದು ಹೆಸರು ಹುಡುಕಿ ಅಂಜಮ್ಮನ ಮುಂದೆ ಹಿಡಿದಳು.

"ಇದು ನಿನ್ನತ್ರ ಹೆಂಗೆ ಬಂತು?"

"ಬೂದಿ ಮ್ಯಾಲೆ ಇದ್ದದ್ದು ನನ್ನ ಹೆಜ್ಜೆ ಅಜ್ಜಿ. ಅವರು ಬಂದಿರ್ಲಿಲ್ಲ, ನಾನೇ ಹೋಗಿದ್ದೆ. ಕೂಸಿನ ಹೊಕ್ಕುಳು ಹಿಂಗೈತೆ ಅಂತ ಬಾಗಿಲಾಚೆ ನಿಂತು ಹೇಳ್ದೆ. ಬಾಗ್ಲು ತೆಗೀದೆ ಒಳಗಿಂದಾನೇ, ಕೀವು ಬಂದೈತಾ ಅಂತ ಕೇಳಿದ್ರು. ಇಲ್ಲ ಅಂದೆ. ಹಂಗಾರೆ ಈಗ್ಲೇ ಆಸ್ಪತ್ರೆಗೆ ಎತ್ಕಂಡು ಹೋಗು, ನಿಮ್ಮಜ್ಜಿ ಮಾತು ಕೇಳ್ಬೇಡ, ಅಲ್ಲಿಂದ ಒಂದು ಫೋನ್ ಮಾಡು ಅಂತ ನಂಬರ್ ಹೇಳಿದ್ರು."

ಇಲ್ಮಾ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. ಎರಡು ಸಲ ರಿಂಗಾದ ಮೇಲೆ ಆ ಕಡೆಯಿಂದ ಕುರಿಯ ಸದ್ದು, ಕೋಳಿಯ ಸದ್ದು, ಆಮೇಲೆ ಮುದಿ ದನಿ ಕೇಳಿತು. "ಪವಿತ್ರಾ, ಕೂಸು ಹೆಂಗೈತವ್ವ?"

"ನಾನು," ಎಂದಳು ಅಂಜಮ್ಮ. "ಅಂಜಿ."

ಲೈನು ಕಟ್ಟಾಯಿತೇನೋ ಎಂದು ಶರಣು ಬಾಗಿ ನೋಡಿದ. ಡಾಕ್ಟರೇ ತನ್ನ ಹೆಸರು ಹೇಳಿ, ಬೇಕಾದ್ದನ್ನು ಒಂದೊಂದಾಗಿ ಕೇಳಿದಳು.

"ಬೆಂಕಿಯಂಗೆ ಕೆಂಪಾಗಿತ್ತು ಕಣಮ್ಮ," ಎಂದಳು ಹುಲಿಗೆಮ್ಮ. "ಕೀವು ಒಂದು ಹನಿ ಬರ್ಲಿಲ್ಲ. ನಾನೂ ಅದನ್ನ ಒಳ್ಳೇದು ಅಂದ್ಕಂಡೆ, ಅದಕ್ಕೇ ಆಸ್ಪತ್ರೆಗೆ ಒಯ್ಯಾಕೆ ತಡ ಮಾಡ್ದೆ. ಬಾಯಾಗೆ ಹುಣ್ಣಾಗಿ ಹಾಲು ನುಂಗ್ತಿರ್ಲಿಲ್ಲ. ಅರಿವೆ ಅದ್ದಿ ಅದ್ದಿ ತುಟಿಗೆ ಹಿಂಡ್ತಿದ್ದೆ. ಬಳ್ಳಿ ಹಂಗೇ ಇತ್ತು. ಅದರ ಸಮೇತಾನೇ ಮಣ್ಣು ಮಾಡಿದ್ರು."

ಇಲ್ಮಾ ಎದ್ದಳು. ಅಷ್ಟು ಸಾಕು ಎಂದು ತನ್ನ ಫೋನನ್ನು ಕಿವಿಗಿಟ್ಟುಕೊಂಡು, ಬೆಂಗಳೂರಿನ ಯಾರನ್ನೋ ಮಾತಾಡಿಸುತ್ತ ಹೊರಗೆ ಹೋದಳು. ರಕ್ತ ಕೊಡಬೇಕೆಂದು ಶರಣು ಮತ್ತು ಪವಿತ್ರರನ್ನೂ ಕರೆದರು. ಕೋಣೆಯಲ್ಲಿ ಅಂಜಮ್ಮ, ಮೇಜಿನ ಮೇಲೆ ಇನ್ನೂ ಬೆಳಗುತ್ತಿದ್ದ ಫೋನು, ಇಷ್ಟೇ ಉಳಿದದ್ದು.

"ಅಂಜಿ, ಇದ್ದೀಯೇನು?"

"ಇದ್ದೀನಿ."

"ಆ ಡಾಕ್ಟ್ರಮ್ಮ ಏನಂತಾಳೆ? ಯಾಕೆ ಆಯ್ತಂತೆ?"

"ರಕ್ತದಾಗೇ ಐತಂತೆ. ನಮ್ಮ ಮನ್ಯಾಗೆ, ನನ್ನ ಕಡೆಯಿಂದ, ನಮ್ಮ ಯಜಮಾನ್ರ ಕಡೆಯಿಂದ. ಯಾರ ಕಣ್ಣೂ ಅಲ್ಲಂತೆ ಅಕ್ಕ."

ಹುಲಿಗೆಮ್ಮ ಉಸಿರೆಳೆದುಕೊಂಡದ್ದು ಕೇಳಿಸಿತು. "ಅಲ್ಲ ಅಂದ್ಳಾ? ಇನ್ನೊಂದು ಸಲ ಕೇಳು. ನೀನು ಹಂಗೆ ಅಂದ್ಮ್ಯಾಲೆ ನಾನೂ ಅದೇ ನಿಜ ಅಂದ್ಕಂಡಿದ್ದೆ. ಆಸೆ ಪಟ್ಟಿದ್ದೆನಲ್ಲ ಆ ಕೂಸಿನ ಮ್ಯಾಲೆ, ನನ್ನ ಕಣ್ಣೇ ಇರ್ಬೇಕು ಅಂತ. ಅದಕ್ಕೇ ನಿನ್ನ ಮಗಳು ಹುಟ್ಟಿದಾಗ್ಲೂ ಬರ್ಲಿಲ್ಲ, ಶರಣು ಹುಟ್ಟಿದಾಗ್ಲೂ ಬರ್ಲಿಲ್ಲ. ಅವ್ರು ಹಿತ್ತಿಲಾಗೆ ಆಡಾಕೆ ಬಂದ್ರೆ ಬಾಗ್ಲು ಹಾಕ್ಕಂತಿದ್ದೆ."

ಆ ಮುಚ್ಚಿದ ಬಾಗಿಲನ್ನು ಅಂಜಮ್ಮ ದಿನವೂ ನೋಡಿದ್ದಳು. ಕಳ್ಳಿಯಾದ್ದರಿಂದಲೇ ಮುಖ ತೋರಿಸಲು ಹೆದರುತ್ತಾಳೆ ಎಂದು ಬಂದವರಿಗೆಲ್ಲ ಬೆರಳು ಮಾಡಿ ತೋರಿಸಿದ್ದಳು. ಏನಾದರೂ ಹೇಳಬೇಕೆಂದುಕೊಂಡಳು. ಬಾಯಿಗೆ ಬಂದದ್ದು, "ಒಂದೂವರೆ ಗಂಟೆಗೆ ಬಸ್ಸೈತೆ," ಎಂಬ ಮಾತು ಮಾತ್ರ.

ಹುಲಿಗೆಮ್ಮ ಬಂದಳು. ರೊಟ್ಟಿ, ಹಸಿಮೆಣಸಿನ ಚಟ್ನಿ, ಬಾಣಂತಿಗೆಂದು ಬೆಳ್ಳುಳ್ಳಿ ಹುರಿದು ಹಾಕಿದ ಸಾರು ಕಟ್ಟಿಕೊಂಡು ಬಂದಿದ್ದಳು. ಮಕ್ಕಳ ವಾರ್ಡಿನ ಕಿಟಕಿಗೆ ದೊಡ್ಡ ಗಾಜು ಇತ್ತು. ಅದರಾಚೆ ಕೂಸು ಮಲಗಿತ್ತು, ಪವಿತ್ರ ಪಕ್ಕದಲ್ಲಿದ್ದಳು. ಹುಲಿಗೆಮ್ಮ ಆ ಗಾಜಿಗೆ ಬೆನ್ನು ಹಾಕಿ, ತಲೆಯ ಮೇಲಿನ ಸೆರಗನ್ನು ಹುಬ್ಬಿನವರೆಗೂ ಎಳೆದುಕೊಂಡು ಬೆಂಚಿನ ತುದಿಯಲ್ಲಿ ಕೂತಳು.

"ಜ್ವರ ಒಂಚೂರು ಇಳಿದೈತೆ," ಎಂದಳು ಅಂಜಮ್ಮ. "ಬೆಂಗಳೂರಿಂದ ನಾಳೆ ನಾಡಿದ್ರಾಗೆ ಗೊತ್ತಾಗ್ತತಂತೆ. ಹೌದು ಅಂದ್ರೆ ಅಲ್ಲಿಗೇ ಒಯ್ದು ಯಾರದಾದ್ರೂ ಮೂಳೆ ಒಳಗಿನ ರಸ ಕೂಡಿಸ್ಬೇಕಂತೆ. ಹೊಂದಿದ್ರೆ ಉಳಿಯಾಕೆ ದಾರಿ ಐತೆ ಅಂದ್ಳು."

"ಉಳೀಲಿ," ಎಂದಳು ಹುಲಿಗೆಮ್ಮ, ನೆಲ ನೋಡುತ್ತ.

"ಈ ಕಡೆ ತಿರುಗು ಅಕ್ಕ."

"ಬ್ಯಾಡ ಬಿಡು."

ಅಂಜಮ್ಮ ಬಲವಂತ ಮಾಡಲಿಲ್ಲ. ಇಬ್ಬರೂ ರೊಟ್ಟಿ ಮುರಿದು ತಿಂದರು. ಚಟ್ನಿ ಹಳೆಯ ಕೈರುಚಿಯದೇ, ಉಪ್ಪು ಒಂದು ಕಲ್ಲು ಮುಂದಾಗಿತ್ತು. ತಿಂದಾದ ಮೇಲೆ ಅಂಜಮ್ಮ ಎಡಗೈಯಿಂದ ಸೆರಗಿನ ಗಂಟನ್ನು ಬಿಚ್ಚತೊಡಗಿದಳು. ಬಿಗಿ ಗಂಟು, ಹಲ್ಲಿನಿಂದ ಎಳೆಯಬೇಕಾಯಿತು. ಒಳಗಿದ್ದ ಬಳ್ಳಿಯ ಒಣಗಿದ ತುಣುಕನ್ನು ಎತ್ತಿ, ಹುಲಿಗೆಮ್ಮನ ಕೈ ಹಿಡಿದು ಅಂಗೈಯಲ್ಲಿಟ್ಟಳು.

"ಏನಿದು?" ಹುಲಿಗೆಮ್ಮ ಸೆರಗು ಸರಿಸಿ ಬಗ್ಗಿ ನೋಡಿದಳು. "ಅಂಜಿ, ಇದು..."

"ಹಿಡ್ಕಂಡಿರು," ಎಂದಳು ಅಂಜಮ್ಮ. "ಕೈ ತೊಳ್ಕಂಡು ಬರ್ತೀನಿ."

ಅವಳು ಎದ್ದು ಕಾರಿಡಾರಿನ ಆ ತುದಿಯಲ್ಲಿದ್ದ ನಲ್ಲಿಯವರೆಗೂ ನಡೆದಳು. ಮೊದಲು ಬಲಗೈ ತೊಳೆದಳು, ಆಮೇಲೆ ಎಡಗೈ ತೊಳೆದಳು, ಮುಖಕ್ಕೆ ನೀರು ಹಾಕಿಕೊಂಡಳು. ಹಿಂದೆ ತಿರುಗಿ ನೋಡದೆ, ನಲ್ಲಿ ನಿಲ್ಲಿಸಿ, ಖಾಲಿ ಸೆರಗಿನಿಂದ ನಿಧಾನವಾಗಿ ಮುಖ ಒರೆಸಿಕೊಂಡಳು.